ಅಜ್ಜನ ಟ್ರಂಕಿನಲ್ಲಿ ಸಿಕ್ಕ ತೋಟಾ ಯಾವುದು?

ಟ್ರಂಕಿನಲ್ಲಿ ಸಿಕ್ಕ ತೋಟಾದ ಬುಡದ ಫೋಟೋ ಕಳಿಸಿ, ಇದು ಯಾವುದು ಅಂತ ಕೇಳಿದ್ದೀರಿ. ಅದು ಬಹುತೇಕ .303 ರೈಫಲ್ ತೋಟಾ. ‘ತ್ರೀ ನಾಟ್ ತ್ರೀ’ ಅಂತಾರಲ್ವಾ, ಅದೇ. ಬುಡದಲ್ಲಿರುವ ‘ಕೆಎಫ್’ ಅಂದರೆ ಪುಣೆ ಹತ್ತಿರದ ಕಿರ್ಕಿ ಮದ್ದುಗುಂಡು ಕಾರ್ಖಾನೆ. ರೋಮನ್ 7 ಅಂದರೆ ಮಾರ್ಕ್ 7, ಅಂದರೆ ಈ ತೋಟಾದ ಏಳನೇ ಮಾದರಿ, 1910ರಲ್ಲಿ ಬಂದ ಚೂಪು ಮೂತಿಯ ಗುಂಡು. ಎರಡನೇ ಮಹಾಯುದ್ಧದಲ್ಲಿ ಬರ್ಮಾದಿಂದ ಇಟಲಿವರೆಗೆ ನಮ್ಮ ಸೈನಿಕರು ಹಾರಿಸಿದ್ದು ಇದನ್ನೇ. ಫೋಟೋ ಮಸುಕಾಗಿದೆ, ಇಸವಿ 43 ಅಥವಾ 48 ಇರಬಹುದು. 48 ಆದರೆ ಯುದ್ಧ ಮುಗಿದ ಮೇಲಿನದು.

ಮೊದಲು ತೋಟಾದ ಬಾಯಿ ನೋಡಿ. ಗುಂಡು ಇನ್ನೂ ಕೂತಿದ್ದರೆ ಮುಟ್ಟಬೇಡಿ, ಉಜ್ಜಬೇಡಿ. ಎಷ್ಟು ಹಳೆಯದಾದರೂ ಸಿಡಿಯಬಹುದು. ಹತ್ತಿರದ ಪೊಲೀಸ್ ಠಾಣೆಗೆ ಫೋನ್ ಮಾಡಿ, ಅವರೇ ಬರಲಿ. ಬಾಯಿ ಖಾಲಿ ಇದ್ದು, ಬುಡದ ನಡುವೆ ಸೂಜಿ ಚುಚ್ಚಿದಂಥ ತಗ್ಗಿದ್ದರೆ ಅದು ಗುಂಡು ಹಾರಿಸಿದ ಮೇಲೆ ಉಳಿದ ಖಾಲಿ ಕೊಳವೆ. ಆಮೇಲೆ ಸ್ಕೇಲ್ ಹಿಡಿಯಿರಿ. ಉದ್ದ ಸುಮಾರು 56 ಮಿ.ಮೀ. ಬಂದರೆ .303 ಅನ್ನೋದು ಗಟ್ಟಿ. ಹುಣಸೆಹಣ್ಣು ಹಾಕಿ ತಿಕ್ಕಬೇಡಿ, ಅಕ್ಷರ ಸವೆಯುತ್ತವೆ. ಒಣ ಬಟ್ಟೆ ಸಾಕು.