ಗಾಡಿ ಸಮಾಚಾರ: ತಿಂಗಳುಗಟ್ಟಲೆ ನಿಲ್ಲುವ ಕಾರು

ಪ್ರಶ್ನೆ: ಮಗ ಅಮೆರಿಕದ ಡೆನ್ವರ್‌ನಲ್ಲಿದ್ದಾನೆ. ಬಟ್ಟೆ ಟಾಪಿನ ಮಾಜ್ದಾ ಎಂಎಕ್ಸ್-5 ಸ್ಪೋರ್ಟ್ಸ್ ಕಾರು ಕೊಂಡಿದ್ದಾನೆ. ನವೆಂಬರಿನಿಂದ ಮಾರ್ಚ್‌ವರೆಗೆ ಅದನ್ನು ಹೀಟರ್ ಇಲ್ಲದ ಗ್ಯಾರೇಜಿನಲ್ಲಿ ನಿಲ್ಲಿಸಿ ಊರಿಗೆ ಬರುತ್ತಾನಂತೆ. ಹೊರಡುವ ಮೊದಲು ಏನೇನು ಮಾಡಿಡಬೇಕು?
– ಓದುಗರು, ಚಿಕ್ಕಬಳ್ಳಾಪುರ

ಉತ್ತರ: ಮೊದಲು ಎಂಜಿನ್ ತಣಿಸುವ ದ್ರವ, ಅಂದರೆ ಕೂಲೆಂಟ್ ನೋಡಲಿ. ನಂದಿ ಬೆಟ್ಟದ ಚಳಿ ನೆನೆದು ಡೆನ್ವರ್ ಅಂದಾಜು ಮಾಡಬೇಡಿ. ಅಲ್ಲಿ ರಾತ್ರಿ ಮೈನಸ್ 20 ಡಿಗ್ರಿಗೂ ಇಳಿಯುವುದುಂಟು. ನೀರು ಹೆಪ್ಪುಗಟ್ಟುವಾಗ ಸುಮಾರು ಶೇ 9ರಷ್ಟು ಹಿಗ್ಗುತ್ತದೆ, ಎಂಜಿನ್ ಬ್ಲಾಕ್ ಸೀಳಲು ಅಷ್ಟು ಸಾಕು. ಎಥಿಲೀನ್ ಗ್ಲೈಕಾಲ್ ಕೂಲೆಂಟ್ ಮತ್ತು ಡಿಸ್ಟಿಲ್ಡ್ ವಾಟರ್ ಅರ್ಧರ್ಧ ಇದ್ದರೆ ಸುಮಾರು ಮೈನಸ್ 37ರವರೆಗೆ ಭಯವಿಲ್ಲ. ಬೇಸಿಗೆಯಲ್ಲಿ ಬರೀ ನೀರು ಟಾಪ್ ಅಪ್ ಮಾಡಿದ್ದರೆ ಈ ಲೆಕ್ಕ ತಪ್ಪಿರುತ್ತದೆ. ರಿಫ್ರಾಕ್ಟೋಮೀಟರ್ ಎಂಬ ಅಳತೆ ಸಾಧನದ ಗಾಜಿನ ಮೇಲೆ ಒಂದು ಹನಿ ಬಿಟ್ಟು ನೋಡಿದರೆ ಎಷ್ಟು ಡಿಗ್ರಿವರೆಗೆ ತಡೆಯುತ್ತದೆಂದು ಗೊತ್ತಾಗುತ್ತದೆ. ಹಾಗೆಂದು ನೀರೇ ಬೆರೆಸದೆ ಕೂಲೆಂಟ್ ಸುರಿಯಬಾರದು. ಬರೀ ಗ್ಲೈಕಾಲ್ ಮೈನಸ್ 13ರ ಹೊತ್ತಿಗೇ ಗಟ್ಟಿಯಾಗುತ್ತದೆ. ಗಾಜು ತೊಳೆಯುವ ವಾಷರ್ ಡಬ್ಬಿಯನ್ನು ಮರೆಯುವವರೇ ಹೆಚ್ಚು. ಅದರಲ್ಲಿ ಸೋಪು ನೀರಿದ್ದರೆ ಡಬ್ಬಿ, ಪಂಪ್ ಎರಡೂ ಒಡೆಯುತ್ತವೆ. ಚಳಿಗಾಲದ ವಾಷರ್ ದ್ರವ ತುಂಬಿಸಲಿ.

ಎಂಜಿನ್ ಆಯಿಲನ್ನು ನಿಲ್ಲಿಸುವ ಮೊದಲೇ ಬದಲಿಸಬೇಕು, ಮಾರ್ಚ್‌ನಲ್ಲಿ ಅಲ್ಲ. ಓಡಿದ ಆಯಿಲಿನಲ್ಲಿ ನೀರು, ಆಮ್ಲ, ಪೆಟ್ರೋಲಿನ ಅಂಶ ಸೇರಿರುತ್ತವೆ. ನಾಲ್ಕು ತಿಂಗಳು ಬೇರಿಂಗುಗಳು ಅದರಲ್ಲೇ ಕೂರುತ್ತವೆ. ಎಂಜಿನ್ ಬಿಸಿಯಾಗಿದ್ದಾಗ ಇಳಿಸಿದರೆ ಕೊಳೆಯೂ ಜೊತೆಗೇ ಬರುತ್ತದೆ.

ಪೆಟ್ರೋಲ್ ಟ್ಯಾಂಕ್ ಹೆಚ್ಚುಕಡಿಮೆ ತುಂಬಿರಲಿ. ಖಾಲಿ ಜಾಗದ ಗಾಳಿಯಲ್ಲಿರುವ ತೇವವನ್ನು ಪೆಟ್ರೋಲಿನಲ್ಲಿರುವ ಎಥನಾಲ್ ಹೀರುತ್ತದೆ, ಹೆಚ್ಚಾದರೆ ನೀರು, ಎಥನಾಲ್ ಬೇರೆಯಾಗಿ ತಳಕ್ಕಿಳಿಯುತ್ತವೆ. ಬಂಕಿನಲ್ಲಿ ಮೊದಲು ಪೆಟ್ರೋಲ್ ಕೆಡದಂತೆ ತಡೆಯುವ ಫ್ಯುಯೆಲ್ ಸ್ಟೆಬಿಲೈಸರ್ ದ್ರವ ಸುರಿದು ಆಮೇಲೆ ಪೆಟ್ರೋಲ್ ಹಾಕಿಸಿದರೆ ತಾನಾಗಿ ಬೆರೆಯುತ್ತದೆ. ಪ್ರಮಾಣ ಸಾಮಾನ್ಯವಾಗಿ 10 ಲೀಟರಿಗೆ 30 ಮಿ.ಲೀ. ಆಸುಪಾಸು, ಆದರೆ ಡಬ್ಬಿಯ ಮೇಲಿನದ್ದೇ ಅಂತಿಮ. ಬಳಿಕ 10–15 ಕಿ.ಮೀ. ಓಡಿಸಿದರೆ ಅದು ಇಂಜೆಕ್ಟರ್‌ವರೆಗೂ ತಲುಪುತ್ತದೆ. ಆ ಬೆಟ್ಟದ ಸೀಮೆಯ ಬಂಕುಗಳಲ್ಲಿ ಅಗ್ಗಕ್ಕೆ ಸಿಗುವ 85 ಆಕ್ಟೇನ್ ದರ್ಜೆಯ ಪೆಟ್ರೋಲ್ ಬೇಡ, ಮ್ಯಾನ್ಯುಯಲ್ ಹೇಳಿದ್ದನ್ನೇ ಹಾಕಿಸಲಿ.

ಬ್ಯಾಟರಿ ವಿಷಯದಲ್ಲಿ ಚಳಿಗಿಂತ ಖಾಲಿತನ ಅಪಾಯ. ಪೂರ್ತಿ ಚಾರ್ಜ್ ಇರುವ ಬ್ಯಾಟರಿಯ ಆಸಿಡ್ ಡೆನ್ವರ್ ಚಳಿಗೆ ಹೆಪ್ಪುಗಟ್ಟದು. ಬರಿದಾದದ್ದು ಮೈನಸ್ 10ರ ಹೊತ್ತಿಗೇ ಗಟ್ಟಿಯಾಗಿ ಡಬ್ಬಿ ಬಿರಿಯುತ್ತದೆ. ಗ್ಯಾರೇಜಿನಲ್ಲಿ ಪ್ಲಗ್ ಇದ್ದರೆ ತಾಪಕ್ಕೆ ತಕ್ಕಂತೆ ವೋಲ್ಟೇಜ್ ಹೊಂದಿಸಿಕೊಳ್ಳುವ ಬ್ಯಾಟರಿ ಮೇಂಟೇನರ್ (ಚಾರ್ಜ್ ಇಳಿಯದಂತೆ ಕಾಯುವ ಸಾಧನ) ಹಾಕಿಟ್ಟು ಬರಲಿ. ಇಲ್ಲದಿದ್ದರೆ ಮೈನಸ್ ತಂತಿ ಮೊದಲು, ಪ್ಲಸ್ ಆಮೇಲೆ ಬಿಚ್ಚಿ, ಪೂರ್ತಿ ಚಾರ್ಜ್ ಮಾಡಿ ಮನೆಯೊಳಗಿಡಲಿ. ಸಿಮೆಂಟ್ ನೆಲದ ಮೇಲಿಟ್ಟರೆ ಚಾರ್ಜ್ ಇಳಿಯುತ್ತದೆ ಎಂಬುದು ಹಳೇ ಕಾಲದ ಬ್ಯಾಟರಿಗಳ ಮಾತು, ಈಗಿನ ಪ್ಲಾಸ್ಟಿಕ್ ಡಬ್ಬಿಗೆ ಅನ್ವಯಿಸದು.

ಟಯರ್ ಬೇಸಿಗೆಗೆಂದೇ ಮಾಡಿದ್ದಾದರೆ ಚಳಿಯಲ್ಲಿ ಕಾರನ್ನು ಹಿಂದೆ ಮುಂದೆ ತಳ್ಳಲೂ ಬಾರದು. ಅದರ ರಬ್ಬರ್ ಕೊರೆಯುವ ಚಳಿಯಲ್ಲಿ ಗಟ್ಟಿಯಾಗಿರುತ್ತದೆ. ಆಗ ಉರುಳಿಸಿದರೆ ಟ್ರೆಡ್ ಅಂಚಿನಲ್ಲಿ ಬಿರುಕು ಬಿಟ್ಟು ಟಯರ್ ಎಸೆಯಬೇಕಾಗುತ್ತದೆ. ನಿಲ್ಲಿಸುವಾಗಲೇ ಗಾಳಿ 40 ಪಿಎಸ್‌ಐಗೆ ಏರಿಸಲಿ, ಟಯರಿನ ಪಕ್ಕದಲ್ಲಿ ಬರೆದ ಗರಿಷ್ಠ ಮಿತಿ ದಾಟದಿರಲಿ. ತಾಪ 5–6 ಡಿಗ್ರಿ ಇಳಿದಾಗಲೆಲ್ಲ ಸುಮಾರು 1 ಪಿಎಸ್‌ಐ ತಾನೇ ಇಳಿಯುತ್ತದೆ. ಜಾಕ್ ಮೇಲೆ ಎತ್ತಿಡುವ ಅಗತ್ಯ ನಾಲ್ಕು ತಿಂಗಳಿಗೆ ಇಲ್ಲ.

ಇನ್ನು ಟಾಪ್. ಮುಚ್ಚಿಯೇ ಇರಬೇಕು, ಪೂರ್ತಿ ಒಣಗಿರಬೇಕು. ಮಡಚಿಟ್ಟರೆ ಮಡಿಕೆಯಲ್ಲಿ ಗೆರೆ ಬಿದ್ದು ಬೂಷ್ಟು ಹಿಡಿಯುತ್ತದೆ. ಸೀಟುಗಳ ಹಿಂದೆ, ಟಾಪಿನ ಬುಡದಲ್ಲಿ ಎರಡೂ ಬದಿ ನೀರು ಇಳಿಯುವ ತೂತುಗಳಿವೆ. ಈ ಕಾರಿನಲ್ಲಿ ಎಲೆಚೂರು ಕಟ್ಟಿಕೊಳ್ಳುವುದು ಅಲ್ಲೇ, ತೆಗೆದಿಡಲಿ. ಮಾರ್ಚ್‌ನಲ್ಲಿ ಹೊರ ತೆಗೆಯುವಾಗ ರಸ್ತೆಗೆ ಸುರಿದ ಉಪ್ಪು ಮಳೆಗೆ ತೊಳೆದುಹೋಗಿರಬೇಕು, ಹಗಲಿನ ತಾಪ 7 ಡಿಗ್ರಿ ದಾಟಿರಬೇಕು. ಡಿಸ್ಕ್ ಮೇಲೆ ಕೂತ ತೆಳು ತುಕ್ಕು ಮೆಲ್ಲಗೆ ನಾಲ್ಕೈದು ಸಲ ಬ್ರೇಕ್ ಹಾಕಿದರೆ ಹೋಗುತ್ತದೆ.

ಪ್ರಶ್ನೆ: ಮಗಳ ಬಾಣಂತನಕ್ಕೆಂದು ಐದು ತಿಂಗಳು ಹೊರದೇಶಕ್ಕೆ ಹೋಗುತ್ತಿದ್ದೇವೆ. ಸ್ವಿಫ್ಟ್ ಪೆಟ್ರೋಲ್ ಕಾರು, ರಾಗಿ ಮೂಟೆ ಇಡುವ ಶೆಡ್‌ನಲ್ಲೇ ನಿಲ್ಲುತ್ತದೆ. ವಾರಕ್ಕೊಮ್ಮೆ ಹತ್ತು ನಿಮಿಷ ಸ್ಟಾರ್ಟ್ ಮಾಡಿಡಲು ಪಕ್ಕದ ಮನೆ ಹುಡುಗನಿಗೆ ಹೇಳಿದ್ದೇವೆ. ಸಾಕಲ್ಲವೇ?
– ಓದುಗರು, ಕೋಲಾರ

ಉತ್ತರ: ಹುಡುಗನಿಗೆ ಬೇಡ ಅನ್ನಿ. ಒಂದು ಲೀಟರ್ ಪೆಟ್ರೋಲ್ ಉರಿದರೆ ಹೆಚ್ಚುಕಡಿಮೆ ಅಷ್ಟೇ ನೀರು ಹುಟ್ಟುತ್ತದೆ. ಹತ್ತು ನಿಮಿಷದಲ್ಲಿ ಸೈಲೆನ್ಸರ್ ಕಾಯುವುದಿಲ್ಲ, ನೀರು ಅಲ್ಲೇ ಉಳಿದು ಒಳಗಿನಿಂದ ತಗಡು ತಿನ್ನುತ್ತದೆ. ಆಯಿಲಿಗೂ ತೇವ ಸೇರುತ್ತದೆ, ಸ್ಟಾರ್ಟರ್ ಎಳೆದ ಚಾರ್ಜ್ ಪೂರ್ತಿ ತುಂಬುವುದಿಲ್ಲ. ಲೈಸೆನ್ಸ್ ಇರುವ ನಂಬಿಕಸ್ಥರು ಹದಿನೈದು ದಿನಕ್ಕೊಮ್ಮೆ ಹೈವೇಯಲ್ಲಿ ನರಸಾಪುರದವರೆಗೆ ಹೋಗಿಬಂದರೆ ಸರಿ. ಇಲ್ಲವೆಂದರೆ ಐದು ತಿಂಗಳೂ ಎಂಜಿನ್ ಮುಟ್ಟದಿರುವುದೇ ಲೇಸು.

ಮುಟ್ಟುವುದಿಲ್ಲವೆಂದಾದರೆ 10 ನಂಬರ್ ಸ್ಪ್ಯಾನರ್‌ನಲ್ಲಿ ಬ್ಯಾಟರಿಯ ಮೈನಸ್ ತಂತಿ ಬಿಚ್ಚಿ. ನಿಂತ ಕಾರೂ ಅಲಾರಂ, ಗಡಿಯಾರಕ್ಕೆಂದು 30 ಮಿಲಿಆಂಪಿಯರ್ ಎಳೆದರೆ 35 ಆಂಪಿಯರ್-ಅವರ್ ಬ್ಯಾಟರಿ ಒಂದೂವರೆ ತಿಂಗಳಿಗೆ ಬರಿದು. ಹ್ಯಾಂಡ್ ಬ್ರೇಕ್ ಎಳೆಯಬೇಡಿ. ಹಿಂದಿನ ಡ್ರಮ್ಮಿಗೆ ಶೂ ಅಂಟಿಕೊಳ್ಳುತ್ತದೆ. ಮೊದಲ ಗೇರಿನಲ್ಲಿಟ್ಟು ಚಕ್ರಕ್ಕೆ ಅಡ್ಡಗಲ್ಲು ಕೊಡಿ. ರೇಡಿಯೇಟರಿಗೆ ಬೋರ್‌ವೆಲ್ ನೀರು ಬಳಸಿದ್ದರೆ ತೆಗೆಸಿ ಕೂಲೆಂಟ್ ತುಂಬಿಸಿ. ನಿಮ್ಮ ಕಡೆಯ ಗಡಸು ನೀರು ಒಳಗೆ ಸುಣ್ಣ ಕಟ್ಟುತ್ತದೆ. ಅದೇ ನೀರಲ್ಲಿ ಕಾರು ತೊಳೆದರೆ ಒಣಗುವ ಮೊದಲೇ ಒರೆಸಿ, ಇಲ್ಲದಿದ್ದರೆ ಬಿಳಿ ಕಲೆ ಉಳಿಯುತ್ತದೆ.

ಇವೆಲ್ಲಕ್ಕಿಂತ ಆ ರಾಗಿ ಮೂಟೆ ಚಿಂತೆಯದ್ದು. ಮೂಟೆಗೆ ಬಂದ ಇಲಿ ಬಾನೆಟ್ ಒಳಗೆ ಗೂಡು ಕಟ್ಟಿ ವೈರಿಂಗ್ ಕಡಿಯುತ್ತದೆ. ಮೂಟೆಗಳನ್ನು ಬೇರೆಡೆ ಸಾಗಿಸಿ. ಏರ್ ಫಿಲ್ಟರಿನ ಗಾಳಿ ಬಾಯಿಗೂ ವೈಪರ್ ಕೆಳಗಿನ ಎಸಿ ಗಾಳಿ ಬಾಯಿಗೂ ಕಾಲಿಂಚಿನ ಕಬ್ಬಿಣದ ಜಾಲರಿ ಕಟ್ಟಿ, ತೆಗೆಯಬೇಕೆಂದು ಚೀಟಿ ಬರೆದು ಸ್ಟೀರಿಂಗ್‌ಗೆ ಅಂಟಿಸಿ. ಇಲಿ ಓಡಿಸಲು ಹೊಗೆಸೊಪ್ಪು ಇಟ್ಟರೆ ಅದರ ವಾಸನೆ ವಾರದಲ್ಲಿ ಆರುತ್ತದೆ. ಪಾಷಾಣ ಬೇಡವೇ ಬೇಡ, ಇಲಿ ಬ್ಲೋವರ್ ಒಳಗೆ ಸತ್ತರೆ ಡ್ಯಾಶ್‌ಬೋರ್ಡ್ ಬಿಚ್ಚಿಸಬೇಕಾದೀತು. ಬೋನು ಇಡಿ, ಅದನ್ನು ನೋಡುವ ಕೆಲಸವನ್ನು ಆ ಹುಡುಗನಿಗೆ ಒಪ್ಪಿಸಿ.

ಪ್ರಶ್ನೆ: ತೋಟದ ಮನೆಯಲ್ಲಿ ಕಾರಿಗೆ ಪ್ಲಾಸ್ಟಿಕ್ ಟಾರ್ಪಾಲು ಹೊದಿಸಿದ್ದೇನೆ. ಬೆಳಗ್ಗೆ ಒಳಗೆಲ್ಲ ನೀರಿನ ಹನಿ. ಪೇಂಟ್ ಹಾಳಾಗುವುದೇ?
– ಓದುಗರು, ತುಮಕೂರು

ಉತ್ತರ: ಹಾಳಾಗುತ್ತದೆ. ನೆಲದ ತೇವ ರಾತ್ರಿ ಟಾರ್ಪಾಲಿನ ಒಳಮೈಗೆ ಹನಿಗಟ್ಟಿ ಪೇಂಟಿನ ಮೇಲೇ ಬೀಳುತ್ತದೆ, ಗಾಳಿಯಾಡದ್ದರಿಂದ ಆರುವುದಿಲ್ಲ. ತೇವ ಹೊರಬಿಡುವ ಬಟ್ಟೆಯ ಕವರ್ ತನ್ನಿ. ಧೂಳು ತೊಳೆಯದೆ ಅದನ್ನೂ ಹೊದಿಸಬೇಡಿ, ಗಾಳಿಗೆ ಅಲುಗಾಡಿದಾಗ ಮರಳು ಕಾಗದದಂತೆ ಉಜ್ಜುತ್ತದೆ. ಕಾರು ತೆಂಗಿನ ಮರದಡಿ ಇದ್ದರೆ ಯಾವ ಕವರೂ ಕಾಯಿಯಿಂದ ಕಾಪಾಡದು, ಮೊದಲು ಜಾಗ ಬದಲಿಸಿ.