ಗಿರಾಕಿ ಎದ್ದು ಹೋದರೆ ನನ್ನ ಮುಖದ್ದೇ ತಪ್ಪಾ?

ಪ್ರಶ್ನೆ: ನನಗೆ 26 ವರ್ಷ. ಅಪ್ಪನ ಇಳಕಲ್ ಸೀರೆ ಅಂಗಡಿ ನೋಡಿಕೊಳ್ಳುತ್ತಿದ್ದೇನೆ. ಅಪ್ಪ ಗಾದಿ ಮೇಲೆ ಕೂತರೆ ವ್ಯಾಪಾರ ಕುದುರುತ್ತದೆ, ನಾನು ಕೂತರೆ ಗಿರಾಕಿಗಳು ಎದ್ದು ಹೋಗುತ್ತಾರೆ. ‘ನಿನ್ನ ಮುಖಾನ ಸರಿ ಇಲ್ಲ’ ಎಂದು ಅಪ್ಪ ಎಲ್ಲರ ಮುಂದೆ ಅನ್ನುತ್ತಾರೆ. ಒಂದು ತರಬೇತಿಗೂ ಹೋಗಿದ್ದೆ. ಎದುರಿನವರಿಗೆ ತಲುಪೋದರಲ್ಲಿ ಮಾತಿನ ಪಾಲು ಬರೀ ಶೇ. 7, ಉಳಿದದ್ದೆಲ್ಲ ದನಿ, ಹಾವಭಾವ; ನಗಿ, ಕಣ್ಣಲ್ಲಿ ಕಣ್ಣಿಟ್ಟು ಮಾತಾಡಿ ಅಂದರು. ಹಾಗೆ ಮಾಡಿದರೆ ಹೆಣ್ಣುಮಕ್ಕಳು ಸೆರಗು ಸರಿಮಾಡಿಕೊಂಡು ಅತ್ತ ತಿರುಗುತ್ತಾರೆ. ಕೊಳ್ಳೋದಿಲ್ಲ ಅಂತ ಗೊತ್ತಾದರೆ ನಾನೂ ಸೀರೆ ಮಡಚತೊಡಗುತ್ತೇನೆ. ಏನು ಮಾಡಲಿ?
– ಹೆಸರು ಬೇಡ, ಇಳಕಲ್

ಉತ್ತರ: ತಿರುಗದೆ ಏನು ಮಾಡ್ತಾರೆ, ತಮ್ಮಾ? ಗುರುತಿಲ್ಲದ ಹುಡುಗ ದಿಟ್ಟಿಸಿ ನೋಡುತ್ತಾ ಹಲ್ಲು ಬಿಟ್ಟರೆ ಯಾರಿಗೂ ಮುಜುಗರವೇ.

ಆ ಶೇ. 7ರ ಲೆಕ್ಕ ಮೊದಲು ತಲೆಯಿಂದ ತೆಗೆಯಿರಿ. ಅದು ಆಲ್ಬರ್ಟ್ ಮೆಹ್ರಾಬಿಯನ್ ಎಂಬ ಮನಶ್ಶಾಸ್ತ್ರಜ್ಞರ 1967ರ ಪ್ರಯೋಗಗಳಿಂದ ಬಂದದ್ದು. ಬಿಡಿ ಪದ, ದನಿ, ಮುಖದ ಫೋಟೊ ಕೊಟ್ಟು, ಮಾತಾಡುವವರಿಗೆ ಇಷ್ಟ ಇದೆಯಾ ಇಲ್ಲವಾ ಎಂದು ಜನ ಹೇಗೆ ಊಹಿಸುತ್ತಾರೆ ಅಂತಷ್ಟೇ ಅಲ್ಲಿ ನೋಡಿದ್ದು. ಎಲ್ಲ ಮಾತುಕತೆಗೂ ಇದು ಹೊಂದಲ್ಲ ಎಂದು ಅವರೇ ಹೇಳಿದ್ದಾರೆ. ‘ಸೆರಗು ಅಸಲಿ ರೇಷ್ಮೆನಾ, ಚಮಕಾನಾ (ಕೃತಕ ರೇಷ್ಮೆನಾ)?’ ಅಂತ ಕೇಳಿದವರಿಗೆ ನಗು ಉತ್ತರ ಆಗುತ್ತಾ?

ನಿಮ್ಮ ತೊಂದರೆ ಮುಖದಲ್ಲಿಲ್ಲ, ಆ ಮಡಚುವ ಕೈಯಲ್ಲಿದೆ. ಗಿರಾಕಿ ಇನ್ನೂ ದಡಿ ಮುಟ್ಟಿ ನೋಡುತ್ತಿರುವಾಗ ನೀವು ಮಡಚಲು ಶುರು ಮಾಡಿದರೆ ‘ಸಾಕು, ಏಳ್ರಿ’ ಅಂದ ಹಾಗೆಯೇ. ಅದರ ಬದಲು ಸೆರಗನ್ನು ಅವರ ಕಡೆ ತಿರುಗಿಸಿ ಹರಡಿ. ಒಡಲಿಗೆ ಸೆರಗು ಕೊಂಡಿ ಹಾಕಿ ಸೇರಿಸಿದ ಜಾಗಕ್ಕೆ ಬೆರಳಿಟ್ಟು ತೋರಿಸಿ. ಆಗ ಇಬ್ಬರ ಕಣ್ಣೂ ಸೀರೆ ಮೇಲಿರುತ್ತವೆ, ದಿಟ್ಟಿಸೋ ಪ್ರಶ್ನೆಯೇ ಇಲ್ಲ. ಏನೂ ಕೊಳ್ಳದೆ ಎದ್ದವರಿಗೂ ‘ಹೋಗಿ ಬರ್ರಿ’ ಅನ್ನಿ. ನಾಳೆ ಮದುವೆ ಜವಳಿಗೆ ಅವರೇ ಬರಬಹುದು.

ದನಿಯ ಪರೀಕ್ಷೆ ಆಗೋದು ರೇಟು ಹೇಳುವಾಗ. ನಿಧಾನಕ್ಕೆ ಹೇಳಿ, ಆಮೇಲೆ ಸುಮ್ಮನಿರಿ. ಅವರು ಬಾಯಿ ಬಿಡೋ ಮೊದಲೇ ‘ಕಡಿಮಿ ಮಾಡ್ತೀನ್ರಿ’ ಅಂದರೆ ಮೊದಲು ಹೇಳಿದ್ದು ಸುಳ್ಳು ಅನಿಸುತ್ತದೆ. ಆಗಲ್ಲ ಅನ್ನಬೇಕಾದರೆ ದನಿ ಇನ್ನಷ್ಟು ತಗ್ಗಲಿ: ‘ಅಷ್ಟಕ್ಕ ಬರಂಗಿಲ್ರಿ, ಅಕ್ಕಾರ.’

ಇನ್ನು ಅಪ್ಪ. ಅವರ ಪಕ್ಕದಲ್ಲಿ ಕೂತು, ಅವರು ಯಾವಾಗ ಮಾತಾಡುತ್ತಾರೆ ಅನ್ನೋದಕ್ಕಿಂತ ಯಾವಾಗ ಸುಮ್ಮನಿರುತ್ತಾರೆ ಅನ್ನೋದನ್ನು ನೋಡಿ. ಅಂಗಡಿ ಮುಚ್ಚಿದ ಮೇಲೆ, ಗಿರಾಕಿಗಳ ಮುಂದೆ ಬೈಬೇಡ್ರಿ ಅಂತ ಅವರಿಗೂ ಹೇಳಿ. ಬೈಸಿಕೊಂಡ ಮುಖದಲ್ಲಿ ನಗು ಎಲ್ಲಿಂದ ಬರಬೇಕು?