ಗಾಡಿ ಪ್ರಶ್ನೆ: ಸೀಟಿಗೆ ಜೆಲ್ ಹಾಕಿಸಲೋ, ಮೆಮರಿ ಫೋಮ್ ಹಾಕಿಸಲೋ?

ದೂರ ಓಡಿಸುವವರ ಬೈಕ್ ಸೀಟಿನ ಬಗ್ಗೆ ಬಂದ ಪತ್ರಗಳಿಗೆ ಈ ಸಲದ ಉತ್ತರ. ಉತ್ತರಿಸುವವರು ಹಾಸನದ ಬಿ.ಎಂ. ರಸ್ತೆಯಲ್ಲಿ ಕುಷನ್ ಕೆಲಸದ ಅಂಗಡಿ ನಡೆಸುತ್ತಾರೆ.

ಪ್ರಶ್ನೆ: ನಮಸ್ಕಾರ್ರೀ ಸರ್. ನಂದು ಕ್ಲಾಸಿಕ್ 350. ಕೆಲಸದ ಸಲುವಾಗಿ ಆಗಾಗ ಹುಬ್ಬಳ್ಳಿಯಿಂದ ಬೆಂಗಳೂರಿಗೆ ಬೈಕಿನ ಮ್ಯಾಲೇ ಹೋಗ್ತೀನಿ. ಹಾವೇರಿತನಕ ಏನೂ ಅನಸಂಗಿಲ್ಲ. ರಾಣೆಬೆನ್ನೂರು ದಾಟಿದ ಮ್ಯಾಲೆ ಕೆಳಗ ಉರಿ ಸುರು ಆಗತೈತಿ, ದಾವಣಗೆರೆಯೊಳಗ ಜೋಮು ಹಿಡಿತೈತಿ, ಚಿತ್ರದುರ್ಗದಾಗ ಇಳಿದ್ರ ನಾಕು ಹೆಜ್ಜಿ ನಡಿಯಾಕ ಆಗೂದಿಲ್ಲ. ತೂಕ 84 ಕೆ.ಜಿ. ಗೆಳ್ಯಾ ಒಬ್ಬಾಂವ ಮೆಮರಿ ಫೋಮ್ ಹಾಕಸು ಅಂತಾನ, ಇನ್ನೊಬ್ಬಾಂವ ಜೆಲ್ ಅಂತಾನ. ಯಾವುದು ಹಾಕಸಲಿ? — ಓದುಗರು, ಹುಬ್ಬಳ್ಳಿ

ಉತ್ತರ: ಮೆಮರಿ ಫೋಮ್ ಅಂದರೆ ಒತ್ತಿದರೆ ಮೈಯ ಆಕಾರಕ್ಕೆ ತಗ್ಗಿ ನಿಧಾನಕ್ಕೆ ಮೇಲೇಳುವ ಸ್ಪಂಜು, ಜೆಲ್ ಅಂದರೆ ರಬ್ಬರಿನಂತೆ ಬಳುಕುವ ಮೆತ್ತನೆ ಹಾಳೆ. ಸದ್ಯಕ್ಕೆ ಎರಡನ್ನೂ ಪಕ್ಕಕ್ಕಿಡಿ. ಅರ್ಧ ಉತ್ತರ ನಿಮ್ಮ ಪತ್ರದಲ್ಲೇ ಇದೆ. ಹಾವೇರಿವರೆಗೆ ಸುಖ, ಆಮೇಲೆ ಉರಿ, ಆಮೇಲೆ ಜೋಮು. ನಮ್ಮ ಅಂಗಡಿಯಲ್ಲಿ ಹಿಡಿಯುವ ಲೆಕ್ಕ ಹೀಗಿದೆ: ಹತ್ತಿದ ಹತ್ತು ನಿಮಿಷಕ್ಕೇ ಒತ್ತಿದರೆ ಸೀಟು ಗಟ್ಟಿಯಾಯಿತು. ಗಂಟೆ ಕಳೆದ ಮೇಲೆ ಶುರುವಾದರೆ ಫೋಮು ಕೂತುಹೋಗುತ್ತಿದೆ, ಇಲ್ಲವೇ ಆಕಾರ ನಿಮಗೆ ಹೊಂದುತ್ತಿಲ್ಲ. ನಿಮ್ಮದು ಎರಡನೇ ಜಾತಿ. ಇದಕ್ಕೆ ಇನ್ನಷ್ಟು ಮೆತ್ತಗಿನದನ್ನು ತಂದು ತುಂಬಿದರೆ ನೋವು ಹಾವೇರಿಗೇ ಶುರುವಾದೀತು.

ಯಾಕೆ ಅಂತ ಹೇಳುತ್ತೇನೆ. ಕೂತಾಗ ನಮ್ಮ ಭಾರ ಹೊರುವುದು ಅಂಡಿನೊಳಗಿರುವ ಎರಡು ಮೂಳೆಗಳು. ಕಲ್ಲಿನ ಮೇಲೆ ಕೂತು ಎಡಕ್ಕೂ ಬಲಕ್ಕೂ ವಾಲಿದರೆ ಎರಡೂ ಒತ್ತುವುದು ಗೊತ್ತಾಗುತ್ತದೆ. ಫೋಮು ಆ ಮೂಳೆಗಳನ್ನು ಎತ್ತಿ ಹಿಡಿದಿರುವವರೆಗೆ ತೊಂದರೆಯಿಲ್ಲ. ಮೆತ್ತನೆ ಫೋಮಿನಲ್ಲಿ ಮೂಳೆ ಮುಳುಗಿ ತಳದ ಪ್ಲಾಸ್ಟಿಕ್ ತಟ್ಟೆಯ ಹತ್ತಿರ ಹೋಗುತ್ತದೆ, ಸುತ್ತಲಿನ ಮಾಂಸ ಮತ್ತು ಬೆನ್ನಿನ ಕೊನೇ ಮೂಳೆ ಭಾರ ಹೊರಲು ಶುರು ಮಾಡುತ್ತವೆ. ನರ ಒತ್ತಿಕೊಂಡು, ರಕ್ತ ಓಡಾಟ ಕಡಿಮೆಯಾದಾಗ ಬರುವುದೇ ಆ ಜೋಮು. ಅಂಗಡಿಯಲ್ಲಿ ಹೆಬ್ಬೆರಳಿಂದ ಒತ್ತಿ "ಆಹಾ, ಬೆಣ್ಣೆ ಇದ್ದಂಗಿದೆ" ಎಂದು ಸೀಟು ಆರಿಸಿಕೊಂಡು ಹೋದವರು ತಿಂಗಳೊಳಗೆ ವಾಪಸ್ ಬರುವುದನ್ನು ನೋಡಿ ನನಗೆ ಬೇಸರವಾಗುತ್ತದೆ. ಅವರ ದುಡ್ಡು ಹೋಗಿರುತ್ತದೆ, ನೋವು ಹೋಗಿರುವುದಿಲ್ಲ.

ಸೀಟಿಗೆ ಕೈ ಹಾಕುವ ಮುಂಚೆ ಖರ್ಚಿಲ್ಲದ ಒಂದು ಕೆಲಸ ಮಾಡಿ. ನಿಮ್ಮ ಗಾಡಿಯ ಹಿಂದಿನ ಷಾಕ್ ಅಬ್ಸಾರ್ಬರಿನ ಸ್ಪ್ರಿಂಗಿಗೆ 6 ಹಂತದ ಹೊಂದಾಣಿಕೆ ಇದೆ. ಯಾವತ್ತೋ ಇಬ್ಬರು ಕೂತು ಸಾಮಾನು ಹೇರಿದಾಗ ಗಟ್ಟಿ ಮಾಡಿಸಿ ಹಾಗೇ ಬಿಟ್ಟಿದ್ದರೆ, ಒಬ್ಬರೇ ಹೋಗುವಾಗ ರಸ್ತೆಯ ಪ್ರತಿ ಜೋಡಣೆಯೂ ನೇರ ಬೆನ್ನಿಗೆ ಬರುತ್ತದೆ. ಎರಡೂ ಕಡೆ ಒಂದೇ ಹಂತಕ್ಕೆ ಇಳಿಸಿ. ಟಯರಿನ ಗಾಳಿಯನ್ನೂ ಕಂಪನಿ ಹೇಳಿದಷ್ಟೇ ಇಡಿ. ಬಂಕಿನ ಹುಡುಗ ಅಂದಾಜಿನ ಮೇಲೆ ತುಂಬಿದ್ದು ಹೆಚ್ಚಾಗಿಯೇ ಇರುತ್ತದೆ. ಇಷ್ಟಕ್ಕೇ ಅರ್ಧ ನೋವು ಇಳಿದವರಿದ್ದಾರೆ.

ಆಮೇಲೂ ನೋವಿದ್ದರೆ ಸೀಟು ಮಾಡಿಸಿ. ಅದಕ್ಕೆ ಮೊದಲು ನಿಮ್ಮ ಮೂಳೆಗಳ ಅಳತೆ ತೆಗೆದುಕೊಳ್ಳಿ, ಮನೆಯಲ್ಲೇ ಆಗುವ ಕೆಲಸ. ರಟ್ಟಿನ ಪೆಟ್ಟಿಗೆಯೊಂದನ್ನು ಬಿಚ್ಚಿ ಅದರ ಹಾಳೆಯನ್ನು ಜಗಲಿಕಟ್ಟೆಯ ಮೇಲೆ ಹಾಸಿ. ಪಾದದಡಿ ಇಟ್ಟಿಗೆ ಇಟ್ಟು, ಬೈಕಿನ ಮೇಲೆ ಕೂತಾಗ ಮಂಡಿ ಎಷ್ಟು ಏಳುತ್ತದೋ ಅಷ್ಟು ಏಳುವಂತೆ ಮಾಡಿ. ಜೀನ್ಸ್ ಬೇಡ, ತೆಳು ಬಟ್ಟೆ ಇರಲಿ. ಒಂದೆರಡು ನಿಮಿಷ ಅಲುಗಾಡದೆ ಕೂತು ಎದ್ದರೆ ರಟ್ಟಿನಲ್ಲಿ ಎರಡು ಗುಳಿ ಬಿದ್ದಿರುತ್ತವೆ. ಕಾಣದಿದ್ದರೆ ಸೀಮೆಸುಣ್ಣವನ್ನು ಅಡ್ಡ ಮಲಗಿಸಿ ಮೇಲೆ ಉಜ್ಜಿ. ಸುತ್ತ ಬಿಳಿಯಾಗಿ, ಗುಳಿ ಮಾತ್ರ ಕಂದಾಗಿ ಉಳಿಯುತ್ತದೆ. ಒಂದರ ನಡುವಿಂದ ಇನ್ನೊಂದರ ನಡುವಿಗೆ ಅಳೆಯಿರಿ. ಹೆಚ್ಚಿನವರದು 10ರಿಂದ 15 ಸೆಂ.ಮೀ. ಒಳಗೆ ಬರುತ್ತದೆ. ಈ ರಟ್ಟನ್ನು ಹಾಗೇ ಅಂಗಡಿಗೆ ಒಯ್ಯಿರಿ. ಕೆಲಸ ಬಲ್ಲವನು ಅದನ್ನು ಸೀಟಿನ ಮೇಲಿಟ್ಟು ನೋಡುತ್ತಾನೆ. ಆ ಎರಡು ಗುಳಿಗಳ ಕೆಳಗೆ ಸೀಟು ಸಮತಟ್ಟಾಗಿರಬೇಕು, ಎರಡೂ ಪಕ್ಕದಲ್ಲಿ ಒಂದಿಷ್ಟು ಅಗಲ ಉಳಿದಿರಬೇಕು. ಗುಳಿಗಳು ಸೀಟಿನ ಇಳಿಜಾರಿನ ಅಂಚಿಗೆ ಬಿದ್ದರೆ ನಿಮ್ಮ ನೋವಿನ ಮೂಲ ಅಲ್ಲೇ ಇದೆ.

ಇನ್ನೊಂದು ಸಂಗತಿ ಇಳಿಜಾರು. ಎಷ್ಟೋ ಸೀಟುಗಳು ಟ್ಯಾಂಕಿನ ಕಡೆ ಇಳಿದಿರುತ್ತವೆ. ಬ್ರೇಕು ಹಿಡಿದಾಗಲೆಲ್ಲ ಮುಂದೆ ಜಾರುತ್ತೀರಿ, ಕೈ ಊರಿ ಹಿಂದೆ ಸರಿಯುತ್ತೀರಿ. ನಾನೂರು ಕಿಲೋಮೀಟರ್ ಇದೇ ಆದರೆ ಚರ್ಮ ಉರಿಯದೆ ಇನ್ನೇನಾಗುತ್ತದೆ? ಕೂರುವ ಜಾಗವನ್ನು ಸಮ ಮಾಡಿ, ಹಿಂದೆ ಸಣ್ಣ ಆನಿಕೆ ಕೊಟ್ಟರೆ ನಿಮ್ಮ ಉರಿ ಅರ್ಧ ಅಲ್ಲಿಗೇ ನಿಲ್ಲುತ್ತದೆ.

ಈಗ ಫೋಮಿಗೆ ಬರೋಣ. ಅಂಗಡಿಯಲ್ಲಿ ಕೇಳಬೇಕಾದ ಮಾತು ಸಾಂದ್ರತೆ, ಅಂದರೆ ಒಂದು ಘನ ಮೀಟರಿಗೆ ಎಷ್ಟು ಕೆ.ಜಿ. ಎಂಬುದು. ಸಾಂದ್ರತೆ ಬೇರೆ, ಗಟ್ಟಿತನ ಬೇರೆ. ಸಾಂದ್ರತೆ ಚೆನ್ನಾಗಿದ್ದೂ ಮೆತ್ತಗಿರುವ ಫೋಮು ಉಂಟು. ಗಟ್ಟಿ ಎನಿಸಿದರೂ ಸಾಂದ್ರತೆ ಕಡಿಮೆಯಿದ್ದು ಬೇಗ ಚಪ್ಪಟೆಯಾಗುವುದೂ ಉಂಟು. ಸೋಫಾಕ್ಕೆ ಬಳಸಿ ಮಿಕ್ಕ ಸ್ಪಂಜಿನ ತುಂಡುಗಳನ್ನು ಸೊಲ್ಯೂಷನ್ ಹಚ್ಚಿ ಪೇರಿಸಲು ಬಿಡಬೇಡಿ. ಅಂಟು ಒಣಗಿ ಗಟ್ಟಿಯಾದ ಗೆರೆ ಮೂಳೆಯ ಕೆಳಗೇ ಬಂದರೆ ದಿನವೂ ಚುಚ್ಚುತ್ತದೆ. ನಿಮ್ಮ ತೂಕಕ್ಕೆ ನಾನು ಮಾಡುವುದಾದರೆ ಕಂಪನಿ ಫೋಮನ್ನೇ ಉಳಿಸಿ, ಕೂರುವ ಜಾಗ ಮಾತ್ರ ಕೊರೆದು ಅಲ್ಲಿ ಒಳ್ಳೆ ಸಾಂದ್ರತೆಯ ಗಟ್ಟಿ ಫೋಮು ಕೂರಿಸಿ, ಎಲ್ಲದರ ಮೇಲೆ 10 ಮಿ.ಮೀ.ನ ಮೆತ್ತನೆ ಪದರ ಒಂದೇ ತುಂಡಾಗಿ ಎಳೆಯುತ್ತೇನೆ. ಮೆಮರಿ ಫೋಮು ಬೇಕೇ ಬೇಕೆಂದರೆ ಆ ಮೇಲಿನ ಪದರಕ್ಕೆ ಹಾಕಿಸಿ. ಪೂರ್ತಿ ಅದರಲ್ಲೇ ಕಟ್ಟಬೇಡಿ. ಅದು ಬಿಸಿಗೆ ಮೆತ್ತಗಾಗುತ್ತದೆ, ಚಳಿಗೆ ಬಿರುಸಾಗುತ್ತದೆ. ಜೆಲ್ ಒತ್ತಡವನ್ನು ಹಂಚುವುದು ನಿಜ. ಆದರೆ ಅದು ಸರಿಯಾಗಿ ಮೂಳೆಯ ಕೆಳಗೇ ಬರಬೇಕು, ಅದರ ಅಂಚು ಕೈಗೆ ಸಿಗದಂತೆ ಫೋಮಿನೊಳಗೆ ಹುದುಗಿರಬೇಕು. ಬಿಸಿಲಲ್ಲಿ ನಿಲ್ಲಿಸಿದರೆ ಬಿಸಿ ಹಿಡಿದುಕೊಂಡು ಬೇಗ ಬಿಡುವುದಿಲ್ಲ.

ಮುಖ್ಯವಾದ ಮಾತು ಇದು: ಕವರು ಹೊಲಿಸುವ ಮುಂಚೆ ಓಡಿಸಿ ನೋಡಿ. ನಾನು ಬರಿ ಫೋಮಿನ ಮೇಲೆ ಹಳೇ ಬೆಡ್‌ಶೀಟು ಬಿಗಿದು, "ಶಾಂತಿಗ್ರಾಮದವರೆಗೆ ಹೋಗಿ ಬನ್ನಿ" ಅಂತ ಕಳಿಸುತ್ತೇನೆ. ಬಂದವರು ಬಲತೊಡೆಗೆ ಅಂಚು ತಾಗುತ್ತದೆ ಎಂದರೆ ಗ್ರೈಂಡರಿಗೆ ಉಪ್ಪುಕಾಗದದ ಬಿಲ್ಲೆ ಹಾಕಿ ಅಲ್ಲೇ ಉಜ್ಜುತ್ತೇನೆ, ಮತ್ತೆ ಕಳಿಸುತ್ತೇನೆ. ಹೊಲಿದ ಮೇಲೆ ಇದ್ಯಾವುದೂ ಆಗುವುದಿಲ್ಲ. ಇಷ್ಟು ತಾಳ್ಮೆಯಿಲ್ಲದವರ ಕೈಗೆ ನಿಮ್ಮ ಸೀಟು ಕೊಡಬೇಡಿ. ಸಾಧ್ಯವಾದರೆ ಹಳೇ ಸೀಟೊಂದನ್ನು ಬೇರೆ ಕೊಂಡು ಅದರ ಮೇಲೆ ಕೆಲಸ ಮಾಡಿಸಿ, ಕಂಪನಿ ಸೀಟು ಅಟ್ಟದ ಮೇಲಿರಲಿ.

ಯಾವ ಸೀಟಾದರೂ ಹಾವೇರಿ, ಹರಿಹರ, ಚಿತ್ರದುರ್ಗ, ಶಿರಾ ಹೀಗೆ ಇಳಿದಿಳಿದು ಹೋಗಿ. ನಡುವೆ ಹಂಪು ಬಂದಾಗ ಫುಟ್‌ರೆಸ್ಟಿನ ಮೇಲೆ ಎದ್ದು ನಿಲ್ಲಿ. ಮೂರು ದಿನವಾದರೂ ಜೋಮು ಬಿಡದಿದ್ದರೆ, ನೋವು ಕಾಲಿಗೆ ಇಳಿದರೆ, ಮೂತ್ರದ ಜಾಗದಲ್ಲಿ ಸ್ಪರ್ಶ ಗೊತ್ತಾಗದಿದ್ದರೆ ನನ್ನಂಥವರ ಹತ್ತಿರ ಬರಬೇಡಿ, ನೇರ ಡಾಕ್ಟರ ಹತ್ತಿರ ಹೋಗಿ. ನಾಚಿಕೊಂಡು ಮುಚ್ಚಿಡುವ ವಿಷಯ ಅಲ್ಲ ಅದು.

ಪ್ರಶ್ನೆ: ಅಣ್ಣ, ನಾನು ಹಿಮಾಲಯನ್ 450 ಓಡಿಸುತ್ತೇನೆ. ಎತ್ತರ 5 ಅಡಿ 3 ಅಂಗುಲ. ನಿಲ್ಲಿಸಿದಾಗ ಬೆರಳ ತುದಿ ಮಾತ್ರ ನೆಲಕ್ಕೆ ತಾಗುತ್ತದೆ. ಫೋಮು ಕೊರೆಸಿ ಸೀಟು ಎರಡು ಅಂಗುಲ ಇಳಿಸಿಕೊಡುತ್ತೇನೆ ಎಂದು ಇಲ್ಲೊಬ್ಬರು ಹೇಳಿದ್ದಾರೆ. ಮಾಡಿಸಬಹುದೇ? — ಓದುಗರು, ಚಿಕ್ಕಮಗಳೂರು

ಉತ್ತರ: ಬೇಡಮ್ಮ, ಎರಡು ಅಂಗುಲ ಕೊರೆಸಬೇಡಿ. ಆಮೇಲೆ ನಿಮ್ಮ ಮತ್ತು ತಟ್ಟೆಯ ನಡುವೆ ಉಳಿಯುವ ಫೋಮು ಮುಳ್ಳಯ್ಯನಗಿರಿ ರಸ್ತೆಗೂ ಸಾಲದು. ಮೊದಲು ಸೀಟು ಯಾವ ಎತ್ತರದಲ್ಲಿ ಕೂತಿದೆ ನೋಡಿ. ಈ ಗಾಡಿಯ ಸೀಟಿಗೆ 825 ಮತ್ತು 845 ಮಿ.ಮೀ. ಎಂದು ಎರಡು ಸ್ಥಾನ ಇವೆ. ಮೇಲಿನದರಲ್ಲಿದ್ದರೆ ಕೆಳಗಿಳಿಸಿ.

ನೆಲ ಮುಟ್ಟುವುದಕ್ಕೆ ಎತ್ತರದಷ್ಟೇ ಅಡ್ಡಿಯಾಗುವುದು ಸೀಟಿನ ಮುಂದಿನ ಅಗಲ. ತೊಡೆ ಆ ಅಗಲವನ್ನು ಬಳಸಿಕೊಂಡು ಇಳಿಯಬೇಕಾದ್ದರಿಂದ ಕಾಲಿನ ಉದ್ದ ಅಲ್ಲೇ ಖರ್ಚಾಗುತ್ತದೆ. ಟ್ಯಾಂಕಿನ ಹತ್ತಿರ ಸೀಟಿನ ಎರಡೂ ಪಕ್ಕದ ಅಂಚುಗಳನ್ನು ಇಳಿಜಾರಾಗಿ ಉಜ್ಜಿಸಿ. ಕಾಲು ನೇರ ಇಳಿಯುತ್ತದೆ, ಮೂಳೆಯ ಕೆಳಗಿನ ಫೋಮು ಹಾಗೇ ಉಳಿಯುತ್ತದೆ. ಹಿಂದಿನ ಅಗಲ ಮುಟ್ಟಿಸಬೇಡಿ. ಸಾಮಾನ್ಯವಾಗಿ ಹೆಂಗಸರ ಕೂರುವ ಮೂಳೆಗಳ ನಡುವಿನ ಅಂತರ ಗಂಡಸರದಕ್ಕಿಂತ ತುಸು ಹೆಚ್ಚು, ಆ ಅಗಲ ನಿಮಗೆ ಬೇಕು. ಮೇಲೆ ಹೇಳಿದ ರಟ್ಟಿನ ಅಳತೆ ನೀವೂ ತೆಗೆದುಕೊಂಡು ಹೋಗಿ. ಒಂದು ಪಾದ ಪೂರ್ತಿ ಊರುವಂತಾದರೆ ಸಾಕು, ಉಳಿದದ್ದು ಅಭ್ಯಾಸಕ್ಕೆ ಬರುತ್ತದೆ. ಎಡಗಾಲು ಊರಿ ಬಲಗಾಲನ್ನು ಬ್ರೇಕಿನ ಮೇಲಿಡುವುದನ್ನು ಖಾಲಿ ಜಾಗದಲ್ಲಿ ರೂಢಿ ಮಾಡಿಕೊಳ್ಳಿ.

ಪ್ರಶ್ನೆ: ಹೊಸ ಸೀಟು ಮಾಡಿಸಿ ಒಂದು ಮಳೆಗಾಲ ಕಳೆದಿಲ್ಲ. ಬಿಸಿಲು ಬಂದ ಮೇಲೂ ಕೂತರೆ ಪ್ಯಾಂಟು ಒದ್ದೆ, ಕೆಟ್ಟ ವಾಸನೆ ಬೇರೆ. ರೆಕ್ಸಿನ್ ಎಲ್ಲೂ ಹರಿದಿಲ್ಲ. — ಓದುಗರು, ಶಿರಸಿ

ಉತ್ತರ: ನೀರು ಹೋಗುತ್ತಿರುವುದು ಹೊಲಿಗೆಯ ಸೂಜಿ ತೂತಿನಿಂದ. ನಿಮ್ಮೂರಿನ ಮಳೆಗೆ ಅಷ್ಟು ತೂತು ಸಾಕು. ಚೌಕುಳಿ, ವಜ್ರಾಕಾರ ಎಂದು ಕೂರುವ ಜಾಗದಲ್ಲೆಲ್ಲ ಅಲಂಕಾರದ ಹೊಲಿಗೆ ಹಾಕಿಸಿದ್ದೀರಾ? ಹಾಗಿದ್ದರೆ ಕವರು ಬದಲಿಸದೆ ದಾರಿಯಿಲ್ಲ. ಕೂರುವ ತಗ್ಗಿನಲ್ಲಿ ನೀರು ನಿಲ್ಲುತ್ತದೆ, ಅಲ್ಲಿ ಒಂದು ಹೊಲಿಗೆಯೂ ಇರಬಾರದು. ಹೊಲಿಗೆ ಪಕ್ಕದ ಇಳಿಜಾರಿಗೆ ಬರಲಿ, ಒಳಗಿಂದ ಅದಕ್ಕೆ ನೀರು ತಡೆಯುವ ಟೇಪು ಅಂಟಿಸಲಿ. ಫೋಮಿಗೂ ರೆಕ್ಸಿನಿಗೂ ನಡುವೆ ತೆಳು ಪ್ಲಾಸ್ಟಿಕ್ ಹಾಳೆ ಹಾಕಿಸಿ. ತಳದ ತಟ್ಟೆಯಲ್ಲಿ ಕಂಪನಿಯವರು ಕೊಟ್ಟ ತೂತುಗಳು ಅಂಟಿನಿಂದ ಮುಚ್ಚಿಹೋಗಿವೆಯೇ ನೋಡಿಸಿ.

ಒದ್ದೆ ಫೋಮಿನ ಮೇಲೆ ಹೊಸ ಕವರು ಎಳೆಸಬೇಡಿ. ಕವರು ಹಿಡಿದಿರುವ ಪಿನ್ನು ಕಿತ್ತು, ಫೋಮನ್ನು ಹಿಂಡದೆ ಟವೆಲಿನಲ್ಲಿ ಒತ್ತಿ ನೀರು ತೆಗೆದು, ಗಾಳಿಯಾಡುವ ನೆರಳಲ್ಲಿ ಪೂರ್ತಿ ಒಣಗಿಸಿ. ಶಿರಸಿಯ ಆಷಾಢದಲ್ಲಿ ಅದು ಒಣಗುವುದಿಲ್ಲ, ಮಳೆ ಬಿಟ್ಟ ಮೇಲೆ ಈ ಕೆಲಸ ಇಟ್ಟುಕೊಳ್ಳಿ.

ಪ್ರಶ್ನೆ: ಒಂಟಿ ಸೀಟಿನ ಹಾಗೆ ಹಿಂದಿನ ಭಾಗ ಸಣ್ಣದು ಮಾಡಿಸಿ, ಹಿಡಿಯುವ ಪಟ್ಟಿ ತೆಗೆಸಿದರೆ ಗಾಡಿ ಚೆನ್ನಾಗಿ ಕಾಣುತ್ತದೆ. ಅಪರೂಪಕ್ಕೆ ಮನೆಯವರು ಹಿಂದೆ ಕೂರುತ್ತಾರೆ, ಅಷ್ಟೇ. — ಓದುಗರು, ಮೈಸೂರು

ಉತ್ತರ: ಅಪರೂಪಕ್ಕೆ ಕೂತವರೇ ಬೀಳುವುದು, ಅವರಿಗೆ ಗಾಡಿಯ ಅಭ್ಯಾಸ ಇರುವುದಿಲ್ಲ. ಮೋಟಾರು ವಾಹನ ಕಾಯ್ದೆಯ 128ನೇ ಸೆಕ್ಷನ್ ಪ್ರಕಾರ ಹಿಂದೆ ಕೂರುವವರಿಗೆ ಭದ್ರವಾಗಿ ಕೂರಿಸಿದ ಸರಿಯಾದ ಸೀಟು ಇರಲೇಬೇಕು. ಕೇಂದ್ರ ನಿಯಮಗಳ 123ನೇ ನಿಯಮ ಹಿಡಿಯಲು ಹಿಡಿ, ಕಾಲಿಡಲು ಫುಟ್‌ರೆಸ್ಟು, ಚಕ್ರಕ್ಕೆ ಸೀರೆ ಸಿಕ್ಕದಂತೆ ಅಡ್ಡ ಮರೆ ಕೇಳುತ್ತದೆ. ಇವನ್ನು ತೆಗೆಸಲು ಬಂದವರಿಗೆ ನಾನು ಕೆಲಸ ಮಾಡಿಕೊಡುವುದಿಲ್ಲ. ನಿಮಗೆ ಒಂಟಿ ಸೀಟೇ ಇಷ್ಟವಾದರೆ ಅದನ್ನು ಬೇರೆಯಾಗಿ ಮಾಡಿಸಿಟ್ಟುಕೊಳ್ಳಿ. ಮನೆಯವರು ಬರುವ ದಿನ ಕಂಪನಿ ಸೀಟು ಹಾಕಿ. ಅವರನ್ನೂ ಒಮ್ಮೆ ಅಂಗಡಿಗೆ ಕರೆದುಕೊಂಡು ಹೋಗಿ ಕೂರಿಸಿ ನೋಡಿ, ಹಿಂದಿನ ಸೀಟಿಗೂ ಅಳತೆ ಬೇಕು.

ಪ್ರಶ್ನೆ: ಕಪ್ಪು ರೆಕ್ಸಿನ್ ಮಧ್ಯಾಹ್ನ ಮುಟ್ಟಲೂ ಆಗುವುದಿಲ್ಲ. ಬೇರೆ ಬಣ್ಣ ಹಾಕಿಸಿದರೆ ಪ್ರಯೋಜನ ಇದೆಯೇ? — ಓದುಗರು, ಕಲಬುರಗಿ

ಉತ್ತರ: ಇದೆ. ತಿಳಿ ಬೂದು ಅಥವಾ ಕಂದು ಹಾಕಿಸಿ, ಕಪ್ಪಿನಷ್ಟು ಬಿಸಿ ಹೀರುವುದಿಲ್ಲ. ಜೆಲ್ ಹಾಕಿಸಬೇಡಿ. ಗಾಡಿ ನಿಲ್ಲಿಸಿದಾಗ ಸೀಟಿನ ಮೇಲೆ ಬಿಳಿ ಪಂಚೆ ಹೊದಿಸಿ. ಓಡಿಸುವಾಗ ಕೂರಲು ಗಾಳಿಯಾಡುವ ಜಾಳಿಗೆಯ ಕವರು ಸಿಗುತ್ತದೆ, ಸೀಟಿಗೂ ನಿಮಗೂ ನಡುವೆ ಒಂದಿಷ್ಟು ಗಾಳಿ ಓಡುತ್ತದೆ. ಕೊಳ್ಳುವಾಗ ಕೆಳಗಿನ ಪಟ್ಟಿಗಳು ಬಿಗಿಯಾಗಿ ಕಟ್ಟಿಕೊಳ್ಳುತ್ತವೆಯೇ ನೋಡಿ. ತಿರುವಿನಲ್ಲಿ ಜಾರುವ ಕವರು ಬಿಸಿ ಸೀಟಿಗಿಂತ ಅಪಾಯ.